ಹಳೆಯ ತೆರೆದ ಜೀಪಿಗೆ ಸ್ಟೀರಿಯೊ

ನನ್ನ ಹಳೆಯ ಮಹೀಂದ್ರ ಜೀಪಿನ ತಗಡಿನ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊಗೆಂದು ಜಾಗವನ್ನೇ ಬಿಟ್ಟಿಲ್ಲ. ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ, ಸಿಂಗಲ್ ಡಿನ್ ಎಂಬ ರೂಢಿಯ ಅಳತೆಯ ಸೆಟ್ಟಿಗಾಗಿ ಅದನ್ನು ಕತ್ತರಿಸಲು ಮನಸ್ಸಾಗದೆ, ಕೆಳಗಡೆ ಕಬ್ಬಿಣದ ಪಟ್ಟಿ ಕೊಟ್ಟು ತೂಗುಹಾಕಿಸಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಮೊದಲು ತೋರಿಸಿದ್ದು ದೊಡ್ಡ ಟಚ್‌ಸ್ಕ್ರೀನ್‌ಗಳನ್ನೇ. ಹುಡ್ ತೆಗೆದ ಜೀಪಿನಲ್ಲಿ ನಡು ಮಧ್ಯಾಹ್ನ ಅಂಥ ಪರದೆಯ ಮೇಲೆ ಕಾಣುವುದು ನಮ್ಮ ಮುಖವೇ ಹೊರತು ಹಾಡಿನ ಹೆಸರಲ್ಲ. ಆದ್ದರಿಂದ ತಿರುಗಿಸುವ ಗುಂಡಿಯುಳ್ಳ, ಮುಂಭಾಗವನ್ನು ಕಳಚಿ ಜೇಬಿಗೆ ಹಾಕಿಕೊಳ್ಳಬಹುದಾದ ಬ್ಲೂಟೂತ್ ಸೆಟ್ಟನ್ನು ಆರಿಸಿಕೊಂಡೆ; ಬಾಗಿಲಿಗೆ ಬೀಗವೇ ಇಲ್ಲದ ಗಾಡಿಗೆ ಇದಕ್ಕಿಂತ ಒಳ್ಳೆಯ ಕಾವಲಿಲ್ಲ.

ಸ್ಪೀಕರಿನ ವಿಷಯದಲ್ಲಿ ಮಾತ್ರ ಕೈಬಿಗಿ ಹಿಡಿಯಬಾರದು. ಕಾಗದದ ಕೋನ್ ಒಂದೆರಡು ಮಳೆಗಾಲಕ್ಕೆ ಮೆತ್ತಗಾಗುವುದರಿಂದ, ದೋಣಿಗಳಿಗೆಂದು ತಯಾರಾಗುವ ಪಾಲಿಪ್ರೊಪಿಲೀನ್ ಕೋನಿನ ಮರೀನ್ ಸ್ಪೀಕರುಗಳೇ ಸೂಕ್ತ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ವ್ಯಾಟ್ ಅನ್ನು ಬಿಟ್ಟು ಆರ್‌ಎಂಎಸ್ ಅಂಕಿಯನ್ನೇ, ಅಂದರೆ ಸ್ಪೀಕರ್ ಸತತವಾಗಿ ತಾಳಬಲ್ಲ ವ್ಯಾಟನ್ನೇ, ನೋಡಬೇಕು. ತೆರೆದ ಗಾಡಿಯಲ್ಲಿ ಬೇಸ್, ಅಂದರೆ ತಗ್ಗಿನ ನಾದ, ಗಾಳಿಗೆ ಚದುರಿಹೋಗುವುದರಿಂದ ಸ್ಪೀಕರುಗಳನ್ನು ಮುಚ್ಚಿದ ಪೆಟ್ಟಿಗೆಗಳಲ್ಲಿ ಕೂರಿಸಿ ಕಿವಿಯ ಕಡೆಗೆ ತಿರುಗಿಸಿದೆವು.

ವೈರಿಂಗಿನಲ್ಲಿ ಹಳದಿ ತಂತಿ ನೇರವಾಗಿ ಬ್ಯಾಟರಿಗೆ, ಕೆಂಪು ಇಗ್ನಿಷನ್‌ಗೆ, ಕಪ್ಪು ಅರ್ಥಿಂಗಿಗಾಗಿ ಜೀಪಿನ ಲೋಹದ ಮೈಗೆ. ಬ್ಯಾಟರಿಯಿಂದ ಬರುವ ತಂತಿಯ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೂರವಿದ್ದರೆ ನಡುವೆ ತಂತಿ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಅದರಿಂದ ಉಪಯೋಗವಿಲ್ಲ. ಹಳೆಯ ಜೀಪುಗಳ ನಿಜವಾದ ತಂಟೆ ಅರ್ಥಿಂಗಿನದು. ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದರಿಂದ ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರುತ್ತಿತ್ತು. ಮೆಕ್ಯಾನಿಕ್ ಬಣ್ಣ, ತುಕ್ಕುಗಳನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದ ಬಳಿಕ ಅದು ನಿಂತಿತು.

ಮೇಲುಸೇತುವೆಯ ಮೇಲೆ ವೇಗ ಹೆಚ್ಚಿಸಿದರೆ ಈಗಲೂ ಗಾಳಿ ಮತ್ತು ಡೀಸೆಲ್ ಎಂಜಿನ್ನಿನದೇ ಮೇಲುಗೈ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಾದರೆ ಪ್ರತಿಯೊಂದು ಸ್ವರವೂ ಸ್ಪಷ್ಟವಾಗಿ ಕೇಳಿಸುತ್ತದೆ.