ಹಾಪ್ಸಿನಲ್ಲಿ ಮಾವಿನ ಸೊನೆ

ಅಮೆರಿಕದ ವರ್ಮಾಂಟಿನಲ್ಲಿ ಬಿಯರ್ ಕೊಳ್ಳುವವರು ಡಬ್ಬಿಯನ್ನು ಮೊದಲು ತಲೆಕೆಳಗು ಮಾಡಿ ನೋಡುತ್ತಾರೆ. ಬಿಯರ್ ತುಂಬಿದ ದಿನಾಂಕ ತಳದಲ್ಲಿ ಅಚ್ಚಾಗಿರುತ್ತದೆ. ಮೂರು ವಾರದೊಳಗಿನದಾದರೆ ಬುಟ್ಟಿಗೆ ಹೋಗುತ್ತದೆ, ಎರಡು ತಿಂಗಳು ದಾಟಿದ್ದರೆ ವಾಪಸ್ ಕಪಾಟಿಗೆ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಇದು ವಿಚಿತ್ರ ಅನ್ನಿಸುತ್ತಿತ್ತು. ಬಿಯರ್ ಎಂದರೆ ಅಂಗಡಿಯಲ್ಲಿ ಎಷ್ಟು ದಿನವಾದರೂ ಕೂತಿರುವ ಸರಕು ಎಂದು ನಂಬಿ ಬೆಳೆದವರು ನಾವು. ಈಗ ನಾನೂ ಡಬ್ಬಿ ತಿರುಗಿಸದೆ ಕೊಳ್ಳುವುದಿಲ್ಲ, ಏಕೆಂದರೆ ಈ ಕಡೆಯವರ ಹೇಜಿ ಐಪಿಎ ಎಂಬ ಬಿಯರಿಗೆ ಬಾಳಿಕೆ ಬಹಳ ಕಡಿಮೆ. ಲೋಟಕ್ಕೆ ಸುರಿದರೆ ಆಚೆ ಬದಿಯ ಬೆರಳು ಕಾಣುವುದಿಲ್ಲ. ಸೀಕರಣೆಗೆ ನೀರು ಬೆರೆಸಿದ ಹಾಗೆ ಹಳದಿ, ಮಂದ. ಮೂಗಿನ ಹತ್ತಿರ ತಂದರೆ ಮಾವು, ಅನಾನಸ್, ಪೇರಲೆ, ಕಿತ್ತಳೆ ಸಿಪ್ಪೆ ಎಲ್ಲ ಒಟ್ಟೊಟ್ಟಿಗೆ ಬರುತ್ತವೆ. ಆದರೆ ಅದರಲ್ಲಿ ಒಂದೇ ಒಂದು ಹಣ್ಣೂ ಹಾಕಿರುವುದಿಲ್ಲ.

ಈ ಬಗೆಯ ಬಿಯರಿನ ತವರು ನಾನಿರುವ ಬರ್ಲಿಂಗ್ಟನ್ನಿಗೆ ಹತ್ತಿರದ ವಾಟರ್‌ಬರಿ ಎಂಬ ಸಣ್ಣ ಊರು. ಅಲ್ಲಿ 2003ರಲ್ಲಿ ಬಾಗಿಲು ತೆರೆದ 'ಆಲ್ಕೆಮಿಸ್ಟ್' ಎಂಬ ಪಬ್ಬಿನಲ್ಲಿ ಜಾನ್ ಕಿಮಿಕ್ ಸೋಸದ, ಮಬ್ಬಾದ, ಶೇಕಡಾ 8ರಷ್ಟು ಮದ್ಯಾಂಶದ 'ಹೆಡಿ ಟಾಪರ್' ಮಾಡಿದರು. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತ ತಂದ ನೆರೆ ಆ ಪಬ್ಬನ್ನು ಹಾಳುಗೆಡವಿತು. ಅದೇ ಊರಿನಲ್ಲಿ ಆಗಲೇ ಸಿದ್ಧವಾಗುತ್ತಿದ್ದ ಡಬ್ಬಿ ತುಂಬುವ ಘಟಕ ಮಾತ್ರ ಉಳಿದುಕೊಂಡಿತು. ಕೆಲವೇ ದಿನಗಳಲ್ಲಿ ಬಿಯರ್ ಅಲ್ಲಿಂದ ಹೊರಬಂತು. ಹತ್ತಿರದ ರಾಜ್ಯಗಳಿಂದ ಜನ ಕಾರು ಓಡಿಸಿಕೊಂಡು ಬಂದು ಸಾಲು ನಿಲ್ಲತೊಡಗಿದರು. ಬಿಯರ್ ತಿಳಿಯಾಗಿರಬೇಕು, ಮಬ್ಬು ಎಂದರೆ ದೋಷ ಎಂದು ಕಲಿತಿದ್ದ ಅನುಭವಿ ಬ್ರೂವರ್‌ಗಳು ಬಹಳ ಕಾಲ ಮೂಗು ಮುರಿದರು. ಕೊನೆಗೆ 2018ರಲ್ಲಿ ಅಮೆರಿಕದ ಬ್ರೂವರ್‌ಗಳ ಸಂಘವೇ ತನ್ನ ಶೈಲಿಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಕೊಟ್ಟಿತು.

ಮಬ್ಬು ಬರುವುದು ಹೀಗೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಜತೆ ಓಟ್ಸ್ ಮತ್ತು ಗೋಧಿಯನ್ನು ಧಾರಾಳವಾಗಿ ಹಾಕುತ್ತಾರೆ. ಅವುಗಳ ಪ್ರೋಟೀನು, ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವಿನ ಪಾಲಿಫಿನಾಲ್‌ಗಳ ಜತೆ ಅಂಟಿಕೊಂಡು ದ್ರವದಲ್ಲೇ ತೇಲುತ್ತದೆ. ಬಾಯಲ್ಲಿ ಅದು ಮೆತ್ತಗೆ ತುಂಬಿದಂತೆ ಅನ್ನಿಸುತ್ತದೆ. ಹಾಪ್ಸನ್ನು ಹಳೆಯ ಪದ್ಧತಿಯಂತೆ ಬಹಳ ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ, ಪರಿಮಳ ಹಬೆಯಲ್ಲಿ ಹೋಗುತ್ತದೆ. ಇವರು ಒಲೆ ಆರಿಸಿದ ಮೇಲೆ ಒಂದಿಷ್ಟು, ಹುಳಿ ಬರುತ್ತಿರುವಾಗ ಇನ್ನೊಂದಿಷ್ಟು, ಹುಳಿ ಬಂದು ತಣಿದ ಮೇಲೆ ಮತ್ತಷ್ಟು ಸುರಿಯುತ್ತಾರೆ. ಹಾಗಾಗಿ ಕಹಿ ಕಡಿಮೆ, ಎಣ್ಣೆಯ ಸುಗಂಧ ಜಾಸ್ತಿ. ಗಾಳಿ ಸೋಕಿದರೆ ಅಥವಾ ಬೆಚ್ಚಗಿಟ್ಟರೆ ಆ ಸುಗಂಧ ಬೇಗ ಸತ್ತು ಬಣ್ಣವೂ ಕಂದಾಗುತ್ತದೆ. ತಳದ ದಿನಾಂಕಕ್ಕೆ ಇಷ್ಟು ಬೆಲೆ ಬಂದಿದ್ದು ಇದರಿಂದಲೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಡಬ್ಬಿಯ ಮೇಲಿನ ಹೆಸರುಗಳು. ಯಾವ ತಳಿಯ ಹಾಪ್ಸ್ ಎಂಬುದನ್ನು ಬರೆದಿರುತ್ತಾರೆ. ಸಿಟ್ರಾ, ಮೊಸಾಯಿಕ್, ಆಸ್ಟ್ರೇಲಿಯಾದ ಗ್ಯಾಲಕ್ಸಿ, ನ್ಯೂಜಿಲೆಂಡಿನ ನೆಲ್ಸನ್ ಸೋವಿನ್. ಕುಡಿಯುವವರೂ ಆ ಹೆಸರು ಹಿಡಿದೇ ಕೇಳುತ್ತಾರೆ. ಇದನ್ನು ಕಂಡಾಗ ನನಗೆ ನಮ್ಮ ಘಟ್ಟದ ಮೇಲಿನವರು ನೆನಪಾಗುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿಗೆ ಕೂತರೆ ಯಾವ ಹೊಳೆ ದಂಡೆಯ, ಯಾವ ಮರದ ಮಿಡಿ ಎಂದು ವಿಚಾರಿಸದೆ ಕೈ ಹಾಕದ ಜನ ಅವರು. ಇಲ್ಲಿರುವ ಶಿರಸಿ ಕಡೆಯ ಗೆಳೆಯನೊಬ್ಬ ಕುಡಿಯುವುದಿಲ್ಲ, ಆದರೆ ಮೂಗು ಗಟ್ಟಿ. ಒಮ್ಮೆ ನನ್ನ ಲೋಟ ಇಸಿದುಕೊಂಡು ಮೂಸಿ, "ಇದು ಬನವಾಸಿ ಅನಾನಸ್ ಅಲ್ದನ, ಭಾವಾ? ಗದ್ದೆ ಬದಿಗೆ ರಾಶಿ ಹಾಕಿಡ್ತ್ವಲ, ಆ ಪರಿಮಳ" ಅಂದ. ಆ ಸಂಜೆಯೇ ನಿರ್ಧಾರವಾಯಿತು. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಇದನ್ನು ಅಂಕೋಲೆಗೆ ಒಯ್ಯಬೇಕು, ನಿಜವಾದ ಹಣ್ಣಿನ ಪಕ್ಕದಲ್ಲಿಟ್ಟು ನೋಡಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಂಕೋಲೆಯಲ್ಲಿ ಕುಡಿತದ ವಿಷಯ ಹಗುರವಾಗಿ ಆಡುವಂಥದ್ದಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿನ ಕಣಜವೆಂದು 2017ರಲ್ಲಿ ಪದ್ಮಶ್ರೀ ಪಡೆದರು, ನಿಜ. ಆದರೆ ನಮ್ಮ ಊರಿನ ಹೆಂಗಸರಿಗೆ ಅವರು ಸಾರಾಯಿ ವಿರುದ್ಧ ಬೀದಿಗಿಳಿದ ಅಜ್ಜಿ. ಕುಡಿತದಿಂದ ಮನೆಯಲ್ಲೇ ಸಾವು ಕಂಡು, ಆ ನೋವನ್ನು ಹೊತ್ತುಕೊಂಡೇ ಊರೂರು ಸುತ್ತಿದವರು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿದ್ದರ ಹಿಂದೆ ಅಂಥ ಎಷ್ಟೋ ಹೆಂಗಸರ ದನಿಯಿದೆ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನಾನು ಇಲ್ಲಿ ಕೆಲಸದ ನಡುವೆ ಎದ್ದುಹೋಗಿ ಹಿಮದಲ್ಲಿ ಸ್ವಲ್ಪ ಹೊತ್ತು ನಡೆದಾಡಿದೆ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗೋವಾದ ಅಗ್ಗದ ಮದ್ಯ ಹಿಡಿದ ಸುದ್ದಿ ಈಗಲೂ ಕಾರವಾರದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹೊಟ್ಟೆಗೆ ಬೆಂಕಿ ಹಚ್ಚುವ ಆ ಕುಡಿತವನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಒಂದೆರಡು ಡಬ್ಬಿಯನ್ನು ಮೂವರು ಹಂಚಿಕೊಂಡು ರುಚಿ, ಪರಿಮಳ ನೋಡಿದ ಕಥೆ ಇದು, ಮತ್ತು ಇದರಲ್ಲಿ ನನಗೆ ಮುಖ್ಯವಾದದ್ದು ಹಣ್ಣು.

ವಿಮಾನದಲ್ಲಿ ಬರುವವರಿಗೆ ಎರಡು ಲೀಟರಿನವರೆಗೆ ಮದ್ಯಕ್ಕೆ ಸುಂಕವಿಲ್ಲ. 473 ಮಿಲಿಲೀಟರಿನ ನಾಲ್ಕು ಡಬ್ಬಿ ಸೇರಿದರೆ 1.89 ಲೀಟರ್, ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಎರಡು ಡಬ್ಬಿ ಬರೀ ಹಾಪ್ಸಿನದು, ಇನ್ನೆರಡು ಮಾವು ಮತ್ತು ಪ್ಯಾಶನ್ ಹಣ್ಣಿನ ತಿರುಳು ಹಾಕಿದ್ದು. ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟೆ. ಬೆಂಗಳೂರಿನಿಂದ ಪಂಚಗಂಗಾ ರೈಲು ಹತ್ತಿ ಬೆಳಿಗ್ಗೆ ಅಂಕೋಲೆಯಲ್ಲಿ ಇಳಿದಾಗ ಸೆಖೆ ಆಗಲೇ ಶುರುವಾಗಿತ್ತು. ಮನೆಗೆ ಹೋದವನೇ ಡಬ್ಬಿಗಳನ್ನು ಫ್ರಿಜ್ಜಿಗೆ ಸೇರಿಸಿದೆ, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

ಸಂಜೆ ದೊಡ್ಡಪ್ಪನ ಮಗ ಅಣ್ಣ, ಅತ್ತಿಗೆ, ನಾನು ಜಗಲಿಯಲ್ಲಿ ಕೂತೆವು. ಮಧ್ಯದಲ್ಲಿ ಮರಿಗೆಯ ತುಂಬ ಕರಿ ಇಶಾಡ ತಳಿಯ ಮಾವು. ಅಣ್ಣ ಒಂದು ಗುಟುಕು ಕುಡಿದು, "ಕಹಿ ಅದೆಯಲ್ಲೋ, ಆದ್ರೆ ಕೆಟ್ಟ ಕಹಿ ಅಲ್ಲ" ಅಂದ. ಅತ್ತಿಗೆ ಕುಡಿಯುವವರಲ್ಲ. ಆದರೆ ಹದಿನಾರರ ಹರೆಯದಿಂದ ಮಾವಿನ ತೋಪಿನಲ್ಲಿ ಹಣ್ಣು ಆಯ್ದು, ಹುಲ್ಲಿನಲ್ಲಿ ಹಣ್ಣಿಗೆ ಹಾಕಿ, ಪೇಟೆಗೆ ಕಳಿಸಿದ ಅನುಭವ ಅವರದು. ಲೋಟ ತೆಗೆದುಕೊಂಡು ಕಣ್ಣು ಮುಚ್ಚಿ ಮೂಸಿದರು. ಮತ್ತೆ ಮೂಸಿದರು. "ತಮಾ, ಇದು ಹಣ್ಣಿನ ವಾಸನೆ ಅಲ್ಲ. ಕಾಯಿ ಕೊಯ್ಯುವಾಗ ತೊಟ್ಟು ಮುರಿದ್ರೆ ಚಿಮ್ತದಲ್ಲ ಸೊನೆ, ಅದರ ವಾಸನೆ. ಅದಕ್ಕೆ ಮೇಲಿಂದ ಹಣ್ಣು ಸೇರಿಸಿದ ಹಾಗೆ ಅದೆ."

ನಾನು ಸುಮ್ಮನಾಗಿಬಿಟ್ಟೆ. ವರ್ಮಾಂಟಿನ ಬ್ರೂವರಿಗಳಲ್ಲಿ ರುಚಿ ಹೇಳುವ ಮಂದಿ ಮಾವು ಅನ್ನುತ್ತಾರೆ, ಪೈನ್ ಮರದ ಅಂಟು ಅನ್ನುತ್ತಾರೆ. ಅವೆರಡೂ ಒಂದೇ ಜಾಗದಿಂದ ಬರುತ್ತವೆ ಎಂದು ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಹಾಪ್ಸಿನ ಎಣ್ಣೆಯಲ್ಲಿ ದೊಡ್ಡ ಪಾಲು ಮಿರ್ಸೀನ್ ಎಂಬ ವಸ್ತುವಿನದು. ಅದೇ ಮಿರ್ಸೀನ್ ಮಾವಿನಲ್ಲೂ ಇದೆ, ಮಾವಿನ ಸೊನೆಯಲ್ಲಿ ಇನ್ನೂ ತೀಕ್ಷ್ಣವಾಗಿ. ಇನ್ನು ಹಣ್ಣಿನ ಭಾಗ. ಹಾಪ್ಸಿನಲ್ಲಿ ಗಂಧಕ ಸೇರಿದ ಥಯೋಲ್ ಎಂಬ ಕಣಗಳು ಅತಿ ಕಡಿಮೆ ಪ್ರಮಾಣದಲ್ಲಿರುತ್ತವೆ. ಪ್ಯಾಶನ್ ಹಣ್ಣಿಗೆ, ಪೇರಲೆಗೆ ಅವುಗಳ ಗುರುತಿನ ಪರಿಮಳ ಕೊಡುವುದೂ ಅದೇ ಜಾತಿಯ ಕಣಗಳು. ಮನುಷ್ಯನ ಮೂಗು ಅವನ್ನು ಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲೂ ಹಿಡಿಯುತ್ತದೆ. ಹುಳಿ ಬರಿಸುವ ಯೀಸ್ಟ್ ಕೂಡ ಸುಮ್ಮನಿರುವುದಿಲ್ಲ, ಹಾಪ್ಸಿನ ಜೆರಾನಿಯೋಲನ್ನು ಸಿಟ್ರೊನೆಲ್ಲೋಲ್ ಆಗಿ ಬದಲಿಸಿ ಗುಲಾಬಿಯ ವಾಸನೆಯನ್ನು ನಿಂಬೆಯ ಕಡೆಗೆ ತಿರುಗಿಸುತ್ತದೆ. ಪ್ರಯೋಗಾಲಯದ ಯಂತ್ರ ಬಿಡಿಸಿ ಹೇಳುವುದನ್ನು ಅಂಕೋಲೆಯ ಹೆಂಗಸೊಬ್ಬಳ ಮೂಗು ಒಂದು ಉಸಿರಿನಲ್ಲಿ ಬಿಡಿಸಿತು. ನನಗೆ ಆ ಬಗ್ಗೆ ತುಂಬಾ ಹೆಮ್ಮೆ.

ಆಮೇಲೆ ಹಣ್ಣು ಹಾಕಿದ ಡಬ್ಬಿ ಒಡೆದೆವು. ಬಣ್ಣ ಇನ್ನೂ ಗಾಢ, ತಳದಲ್ಲಿ ತಿರುಳಿನ ಗಷ್ಟು. ಅಣ್ಣನಿಗೆ ಆಸೆ ಹುಟ್ಟಿತ್ತು, ಬಾಯಿಗಿಟ್ಟ ಮೇಲೆ ಮುಖ ಸಪ್ಪಗಾಯಿತು. "ಸಿಹಿ ಎಲ್ಲಿ ಹೋಯ್ತು?" ಎಂದು ಕೇಳಿದ. ಯೀಸ್ಟ್ ತಿಂದಿದೆ. ಆಪೂಸ್ ತಿರುಳಿನಲ್ಲಿ ನೂರಕ್ಕೆ 16ರ ಆಸುಪಾಸು ಸಕ್ಕರೆಯಿರುತ್ತದೆ. ಬಾರ್ಲಿಯ ಸಕ್ಕರೆಗಿಂತ ಹಣ್ಣಿನ ಸಕ್ಕರೆ ಯೀಸ್ಟಿಗೆ ಸುಲಭದ ತುತ್ತು, ಬಿಡುವುದೇ ಇಲ್ಲ. ಮುಖ್ಯ ಹುದುಗು ಜೋರಾಗಿ ನಡೆಯುವಾಗ ತಿರುಳು ಹಾಕಿದರೆ ಉಕ್ಕುವ ಗಾಳಿಯ ಜತೆ ಪರಿಮಳವೂ ಹಾರಿಹೋಗುತ್ತದೆ. ಅದಕ್ಕೆ ಹೆಚ್ಚಿನವರು ಹುದುಗು ತಣಿಯುವ ಹಂತದಲ್ಲಿ ಹಾಕುತ್ತಾರೆ. ಹಾಕಿದ ಮೇಲೆ ಆ ಸಕ್ಕರೆ ಪೂರ್ತಿ ಮುಗಿಯುವವರೆಗೂ ಕಾಯಬೇಕು, ಇಲ್ಲದಿದ್ದರೆ ಡಬ್ಬಿಯೊಳಗೆ ಮತ್ತೆ ಹುಳಿ ಬಂದು ಡಬ್ಬಿ ಒಡೆಯುತ್ತದೆ. ಸಿಹಿ ಬೇಕೆನ್ನುವವರು ಯೀಸ್ಟಿಗೆ ಜೀರ್ಣವಾಗದ ಹಾಲಿನ ಸಕ್ಕರೆ ಬೆರೆಸುತ್ತಾರೆ. ಅದು ನನಗೆ ಇಷ್ಟವಿಲ್ಲ, ನಾಲಿಗೆಗೆ ಪರದೆ ಎಳೆದಂತಾಗುತ್ತದೆ. ಈ ಡಬ್ಬಿಯಲ್ಲಿ ಹಾಲಿನ ಸಕ್ಕರೆ ಇರಲಿಲ್ಲ. ಉಳಿದದ್ದು ಪ್ಯಾಶನ್ ಹಣ್ಣಿನ ಒಳ್ಳೆಯ ಹುಳಿ, ಮಾವಿನ ಸಿಪ್ಪೆಯ ಬದಿಯ ಒಗರು, ಬಾಯಿ ಒಣಗಿಸುವ ಕೊನೆ. ಸೆಖೆಗೆ ಒಳ್ಳೆಯದೇ. ಎರಡನೇ ಗುಟುಕಿಗೆ ಅಣ್ಣ ಒಪ್ಪಿಕೊಂಡ. ನನ್ನ ಮನಸ್ಸು ಮಾತ್ರ ಮೊದಲ ಡಬ್ಬಿಯ ಕಡೆಗೇ ಇತ್ತು. ಹಣ್ಣಿನ ಹಂಗಿಲ್ಲದೆ ಹಣ್ಣನ್ನು ತೋರಿಸಿದ ಕೆಲಸ ಅದರದು.

ಅಷ್ಟರಲ್ಲಿ ಅತ್ತಿಗೆ ಡಬ್ಬಿ ತಿರುಗಿಸಿ ನೋಡುತ್ತ, "ಯಾವ ಮಾವು ಅಂತ ಬರೆದಿದ್ರೋ?" ಅಂದರು. ಓದಿದೆ. ಹಾಪ್ಸಿನ ಮೂರು ತಳಿಗಳ ಹೆಸರಿತ್ತು. ಓಟ್ಸ್ ಇತ್ತು, ಗೋಧಿ ಇತ್ತು. ಹಣ್ಣಿನ ಜಾಗದಲ್ಲಿ ಬರೀ 'ಮಾವು'.

ಇದನ್ನು ನಾನು ಮುಂಚೆ ಎಷ್ಟೋ ಸಲ ಓದಿದ್ದರೂ ಅವತ್ತು ಮೊದಲ ಬಾರಿಗೆ ಚುಚ್ಚಿತು. ಜಗತ್ತಿನ ಕಾರ್ಖಾನೆಗಳಿಗೆ ಹೋಗುವ ಮಾವಿನ ತಿರುಳಿನ ದೊಡ್ಡ ಪಾಲು ನಮ್ಮ ದೇಶದ್ದು. ಚಿತ್ತೂರು, ಕೃಷ್ಣಗಿರಿ ಕಡೆ ತೋತಾಪುರಿಯನ್ನೂ ಆಪೂಸನ್ನೂ ಪೀಪಾಯಿಗಟ್ಟಲೆ ತುಂಬಿ ಕಳಿಸುತ್ತಾರೆ. ಹೂವಿನ ತಳಿಗೆ ಇಷ್ಟು ಗೌರವ ಕೊಡುವ ಜನ ಹಣ್ಣಿನ ತಳಿ ಯಾಕೆ ಕೇಳುವುದಿಲ್ಲ? ಕೇಳುವಂತೆ ನಾವೂ ಮಾಡಿಲ್ಲ ಎಂದು ನನಗನ್ನಿಸುತ್ತದೆ. ಅಂಕೋಲೆಯಲ್ಲಿ ಮೇ ತಿಂಗಳಿನಲ್ಲಿ ಹೆದ್ದಾರಿ ಬದಿಗೆ ಬುಟ್ಟಿ ಇಟ್ಟುಕೊಂಡು ಕೂತ ಹಾಲಕ್ಕಿ ಹೆಂಗಸರ ಹತ್ತಿರ ಹೋಗಿ ಬರೀ ಮಾವಿನಹಣ್ಣು ಕೊಡಿ ಅಂದರೆ ಅವರು ಮುಖ ನೋಡುತ್ತಾರೆ. ಕರಿ ಇಶಾಡವೋ ಬಿಳಿ ಇಶಾಡವೋ? ಕರಿಯದು ತೆಳು ಸಿಪ್ಪೆ, ತುಂಬ ತಿರುಳು, ರಸಕ್ಕೆ ಸಾಟಿಯಿಲ್ಲ. ಬಿಳಿಯದು ಸಿಪ್ಪೆ ದಪ್ಪ, ತಿರುಳು ಕಡಿಮೆ, ಬೆಲೆಯೂ ಕಡಿಮೆ. 2023ರಲ್ಲಿ ಅಂಕೋಲಾ ಕರಿ ಇಶಾಡಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಆ ತೆಳು ಸಿಪ್ಪೆಯಿಂದಲೇ ಅದು ದೂರದ ಪ್ರಯಾಣ ತಾಳುವುದಿಲ್ಲ. ಹಾಗಾಗಿ ಹೊರಗಿನವರ ಬಾಯಿಗೆ ಅದು ತಲುಪುವ ದಾರಿ ಒಂದೇ, ತಿರುಳು. ಬೆಂಗಳೂರಿನ ಬ್ರೂಪಬ್ಬುಗಳು ಬೇಸಿಗೆಯಲ್ಲಿ ಮಾವಿನ ಬಿಯರ್ ಮಾಡುತ್ತವೆ. ಅವರ ಹಲಗೆಯ ಮೇಲೆ ಇಶಾಡದ ಹೆಸರು ಬರಲಿ ಎಂಬ ಆಸೆ ನನಗಿದೆ. ಮದ್ಯ ಬೇಡವೆನ್ನುವವರಿಗೆ ಶರಬತ್ತಿನ ಬಾಟಲಿಯ ಮೇಲೂ ಬರಲಿ, ತುಂಬಿದ ದಿನಾಂಕದ ಜತೆಗೆ. ಮುರುಗಲಿಗೂ ಅದೇ ಮಾತು. ಹುಳಿ ಬಿಯರ್ ಮಾಡುವವರು ಅಮೆರಿಕದಲ್ಲಿ ಹುಳಿಗಾಗಿ ಏನೇನೋ ಹುಡುಕುತ್ತಾರೆ, ನಮ್ಮ ಹಿತ್ತಲಲ್ಲಿ ಮುರುಗಲು ನೆಲಕ್ಕೆ ಬಿದ್ದು ಕೊಳೆಯುತ್ತದೆ.

ವಾಪಸ್ ಬಂದ ಮೇಲೆ ಇಲ್ಲಿಯ ಪರಿಚಯದ ಬ್ರೂವರ್ ಒಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಮೂರೇ ವಿಷಯ. ತಿರುಳಿಗೆ ಸಕ್ಕರೆ ಬೆರೆಸಿದ್ದೀರಾ? ಸರಿಯಾಗಿ ಬಿಸಿ ಮಾಡಿ ಸೂಕ್ಷ್ಮಜೀವಿ ಇಲ್ಲದಂತೆ ಮುಚ್ಚಿದ್ದೀರಾ? ಹುಳಿಯ ಅಳತೆ ಎಷ್ಟು? ಸಕ್ಕರೆ ಬೆರೆತಿದ್ದರೆ ಅದೂ ಮದ್ಯವಾಗಿ ಬಿಯರ್ ತೆಳ್ಳಗಾಗುತ್ತದೆ, ಹಣ್ಣಿನ ಪಾಲು ಸಿಗುವುದಿಲ್ಲ ಎಂದರು. ಹೆಸರು ಬರೆಯುವ ಬಗ್ಗೆ ಕೇಳಿದಾಗ, ಎಲ್ಲಿಯದು ಎಂದು ಖಾತ್ರಿಯಾದರೆ ಖಂಡಿತ ಬರೆಯುತ್ತೇನೆ ಎಂದರು.

ಈ ದೇಶದಲ್ಲಿ 1978ರ ಕಾನೂನಿನಿಂದಾಗಿ ಮನೆಯಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಬಹುದು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ 757 ಲೀಟರ್ ಮಿತಿ. ಮಾರುವಂತಿಲ್ಲ. ನನಗೆ 20 ಲೀಟರಿನ ಒಂದು ಪಾತ್ರೆ ಸಾಕು. ಮುಂದಿನ ಹಂಗಾಮಿಗೆ ಒಂದೇ ಬಿಯರನ್ನು ಎರಡು ಪಾಲು ಮಾಡಿ, ಒಂದಕ್ಕೆ ಅಂಗಡಿಯ ಆಪೂಸ್ ತಿರುಳು, ಇನ್ನೊಂದಕ್ಕೆ ಕರಿ ಇಶಾಡದ ತಿರುಳು ಹಾಕುವ ಯೋಚನೆಯಿದೆ. ಹಾಪ್ಸ್ ಕಡಿಮೆ ಹಾಕುತ್ತೇನೆ, ಸೊನೆ ಹಣ್ಣನ್ನು ಮುಚ್ಚಬಾರದು. ಸಕ್ಕರೆ ಸೇರಿಸದ ತಿರುಳನ್ನು ಡಬ್ಬಿಯಲ್ಲಿ ಹಾಕಿಸಿ ಇಡಲು ಅಣ್ಣ ಒಪ್ಪಿದ್ದಾನೆ, ಹಣ್ಣು ಆಯುವ ಕೆಲಸ ಅತ್ತಿಗೆಯದು. ಅಂಕೋಲೆ, ಕುಮಟೆ ಕಡೆ ಇಶಾಡದ ತಿರುಳನ್ನು ಸಕ್ಕರೆಯಿಲ್ಲದೆ ಕೆಡದಂತೆ ಇಡುವ ಹಳೆಯ ಕ್ರಮ ಯಾರ ಮನೆಯಲ್ಲಾದರೂ ಇದ್ದರೆ, ಎಷ್ಟು ಹೊತ್ತು ಕಾಯಿಸುತ್ತೀರಿ, ಯಾವ ಪಾತ್ರೆಯಲ್ಲಿ, ಎಷ್ಟು ತಿಂಗಳು ಪರಿಮಳ ಉಳಿಯುತ್ತದೆ, ದಯವಿಟ್ಟು ಬರೆದು ತಿಳಿಸಿ.