ಉಣ್ಣೆ ಚಡ್ಡಿ ಸೋರೋದಿಲ್ವಾ?

ಮಗುವಿಗೆ ನಾನು ಹೆಣೆದು ಹಾಕುವ ಉಣ್ಣೆ ಚಡ್ಡಿ ನೋಡಿದವರೆಲ್ಲ ಕೇಳುವುದು ಒಂದೇ. "ದಾರದಲ್ಲಿ ಹೆಣೆದದ್ದು, ಮೈತುಂಬ ತೂತು. ಮಗು ಉಚ್ಚೆ ಹೊಯ್ದರೆ ಸೋರೋದಿಲ್ವಾ?" ಊರಿಂದ ಫೋನ್ ಮಾಡುವ ಅತ್ತೆಯೂ ಕೇಳುತ್ತಾರೆ, ಇಲ್ಲಿ ನ್ಯೂಜಿಲೆಂಡಿನಲ್ಲಿರುವ ಕನ್ನಡದ ಗೆಳತಿಯರೂ ಕೇಳುತ್ತಾರೆ. ಸೋರುವುದಿಲ್ಲ. ಇದರಲ್ಲಿ ನನ್ನ ಹೆಣಿಗೆಯ ಪಾಲು ಕಡಿಮೆ, ಉಣ್ಣೆಯ ಪಾಲೇ ಜಾಸ್ತಿ.

ಈ ಚಡ್ಡಿಯೇ ಡೈಪರ್ ಅಂತ ತುಂಬ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಒಳಗೆ ಹತ್ತಿ ಬಟ್ಟೆಯ ಲಂಗೋಟಿ ಇರುತ್ತದೆ. ಹಳೇ ಪಂಚೆಯನ್ನು ನಾಲ್ಕಾರು ಪದರ ಮಡಿಸಿ ಕಟ್ಟಿದರೂ ನಡೆಯುತ್ತದೆ. ಉಚ್ಚೆ ಹೀರುವುದು ಆ ಬಟ್ಟೆಯ ಕೆಲಸ. ಒದ್ದೆ ಹಾಸಿಗೆಗೋ ಎತ್ತಿಕೊಂಡವರ ಸೀರೆಗೋ ದಾಟದಂತೆ ನೋಡಿಕೊಳ್ಳುವುದು ಮೇಲಿನ ಚಡ್ಡಿಯ ಕೆಲಸ. ಈಗ ಆ ಕೆಲಸವನ್ನು ಪ್ಲಾಸ್ಟಿಕ್ ಮಾಡುತ್ತಿದೆ. ಮೊದಲು ಇಂಗ್ಲೆಂಡ್, ನ್ಯೂಜಿಲೆಂಡ್ ಕಡೆ ಮನೆಯಲ್ಲೇ ಹೆಣೆದ ಉಣ್ಣೆಯ 'ಪಿಲ್ಚರ್' ಮಾಡುತ್ತಿತ್ತು. ಅಮೆರಿಕದಲ್ಲಿ ಇದಕ್ಕೆ 'ಸೋಕರ್' ಅನ್ನುತ್ತಾರೆ. ಅಲ್ಲಿ ಮರಿಯನ್ ಡೊನೊವನ್ ಎಂಬ ತಾಯಿ ಶವರ್ ಪರದೆ ಕತ್ತರಿಸಿ, ನೀರು ದಾಟದ ಮೇಲ್ಚಡ್ಡಿಯೊಂದನ್ನು ಹೊಲಿದು ನೋಡಿದಳು. ಆಮೇಲೆ ಪ್ಯಾರಾಚೂಟಿನ ನೈಲಾನ್ ಬಟ್ಟೆಯಲ್ಲಿ ಮಾಡಿದ್ದು 1949ರಲ್ಲಿ ನ್ಯೂಯಾರ್ಕಿನ ಅಂಗಡಿಗೆ ಬಂತು. 1961ರಲ್ಲಿ ಪ್ಯಾಂಪರ್ಸ್ ಬಂತು. ಉಣ್ಣೆ ಚಡ್ಡಿ ಮೂಲೆ ಸೇರಿತು.

ಉಣ್ಣೆ ನೀರು ತಡೆಯುತ್ತದೆ ಅನ್ನುವುದು ನಮಗೇನು ಹೊಸದಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ನಾಟಿ ಮಾಡಿದ ಮಲೆನಾಡಿನವರಿಗೆ ಗೊತ್ತು. ಬಯಲಲ್ಲಿ ಕುರಿ ಕಾಯುವ ಕುರುಬರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮಗುವಿಗೆ ಚುಚ್ಚುತ್ತದೆ. 30 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಎಳೆಗಳು ಇದ್ದಷ್ಟೂ ಚರ್ಮಕ್ಕೆ ಕಡಿತ ಜಾಸ್ತಿ. ನಯವಾದ ಉಣ್ಣೆಯ ಮೆರಿನೊ ಎಂಬ ಕುರಿತಳಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿನ ಒಳಗೇ ಇರುತ್ತದೆ. ಅದಕ್ಕೇ ನಾನು ಮೆರಿನೊ ಬಿಟ್ಟು ಬೇರೆ ಹಿಡಿಯುವುದಿಲ್ಲ.

ಉಣ್ಣೆಯ ಎಳೆ ತುಂಬ ಜಾಣ. ಹೊರಮೈ ತುಂಬ ಸಣ್ಣ ಸಣ್ಣ ಚಿಪ್ಪು, ಅದರ ಮೇಲೆ ತೆಳ್ಳನೆಯ ಕೊಬ್ಬಿನ ಪದರ. ಒಂದು ಹನಿ ನೀರು ಹಾಕಿ ನೋಡಿ, ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಲ್ಲುತ್ತದೆ. ಅದೇ ಎಳೆಯ ಒಳಭಾಗಕ್ಕೆ ತೇವ ಅಂದರೆ ಇಷ್ಟ. ನೀರಿನ ಆವಿಯನ್ನು ತನ್ನ ತೂಕದ ಸುಮಾರು ಶೇ. 30ರಷ್ಟು ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀಗೆ ಎಳೆದುಕೊಂಡ ತೇವ ಹೊರಗಿನ ಗಾಳಿಗೆ ನಿಧಾನವಾಗಿ ಆರುತ್ತದೆ. ಪ್ಲಾಸ್ಟಿಕ್ ಒಳಗಾದರೆ ಅದಕ್ಕೆ ದಾರಿಯೇ ಇಲ್ಲ. ತೊಡೆಸಂದು ಬೆವೆತು ಕೆಂಪಾದ ಮಗುವನ್ನು ನೋಡಿದವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಡಿಸೈನ್ ಹುಡುಕುವ ಮೊದಲು ದಾರ ನೋಡಿ. ನಮ್ಮ ಊರಿನ ಅಂಗಡಿಗಳಲ್ಲಿ 'ಉಲ್ಲನ್' ಅಂತ ಕೊಡುವುದು ಬಹುತೇಕ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ದಾರ. ಅದು ತೇವ ಹೀರುವುದೇ ಇಲ್ಲ ಅನ್ನಬಹುದು. ಉಚ್ಚೆ ಎಳೆಗಳ ನಡುವೆ ನುಸುಳಿ ಸೀದಾ ಹೊರಗೆ ಬರುತ್ತದೆ. ಉಣ್ಣೆ ಚಡ್ಡಿ ಸೋರಿತು ಅಂತ ಬೇಸರ ಮಾಡಿಕೊಂಡವರನ್ನು ನಾನು ಮೊದಲು ಕೇಳುವುದೇ ಯಾವ ದಾರ ಅಂತ. ಅನುಮಾನ ಇದ್ದರೆ ಬೆರಳುದ್ದ ದಾರವನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ತಟ್ಟೆ ಇಟ್ಟು ಸುಡಿ. ಉಣ್ಣೆ ಚುರುಗುಟ್ಟಿ, ಕೂದಲು ಸುಟ್ಟ ವಾಸನೆ ಬಂದು, ತಾನೇ ಆರುತ್ತದೆ. ಬೂದಿ ಬೆರಳಲ್ಲಿ ಹುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. 'ಸೂಪರ್‌ವಾಶ್' ಅಂತ ಬರೆದ ಮೆರಿನೊ ಕೂಡ ಬೇಡ. ಮೆಷಿನ್‌ನಲ್ಲಿ ಒಗೆಯಲು ಬರಲಿ ಅಂತ ಸಾಮಾನ್ಯವಾಗಿ ಕ್ಲೋರಿನ್ ಹಾಕಿ ಅದರ ಚಿಪ್ಪು ಸವೆಸಿರುತ್ತಾರೆ. ನೀರು ತಡೆಯುವ ಕೊಬ್ಬಿನ ಪದರವೂ ಅದರ ಜೊತೆಗೇ ಹೋಗಿರುತ್ತದೆ.

ಇನ್ನು ಲ್ಯಾನೊಲಿನ್. ಇದು ಎಳೆಗೇ ಅಂಟಿರುವ ಆ ಕೊಬ್ಬಿನ ಪದರವಲ್ಲ, ಕುರಿಯ ಚರ್ಮದಿಂದ ಬರುವ ಮೇಣದಂಥ ಜಿಡ್ಡು. ದಾರ ಮಾಡುವಾಗ ತೊಳೆದು ತೆಗೆದಿರುತ್ತಾರೆ, ಒದ್ದೆ ದಾಟದಿರಲಿ ಅಂತ ನಾವು ವಾಪಸ್ ಕೊಡಬೇಕು. ಬಾಣಂತಿಯರ ಮೊಲೆತೊಟ್ಟು ಒಡೆದರೆ ಹಚ್ಚುವ ಶುದ್ಧ ಲ್ಯಾನೊಲಿನ್ ಟ್ಯೂಬ್ ಮನೆಯಲ್ಲಿದ್ದರೆ ಅದೇ ಸಾಕು. ಒಂದು ಲೋಟ ಬಿಸಿ ನೀರಿಗೆ ಕಡಲೆಕಾಳಿನಷ್ಟು ಲ್ಯಾನೊಲಿನ್, ಎರಡು ಹನಿ ಬೇಬಿ ಶ್ಯಾಂಪೂ ಹಾಕಿ ಚೆನ್ನಾಗಿ ಕಲಕಿ. ನೀರು ಹಾಲಿನ ಬಣ್ಣಕ್ಕೆ ತಿರುಗಬೇಕು. ಮೇಲೆ ಹಳದಿ ಜಿಡ್ಡು ತೇಲುತ್ತಿದ್ದರೆ ಇನ್ನೂ ಕಲಕಿ, ಇಲ್ಲದಿದ್ದರೆ ಚಡ್ಡಿ ಅಲ್ಲಲ್ಲಿ ಅಂಟಂಟಾಗುತ್ತದೆ. ಇದನ್ನು ಉಗುರುಬೆಚ್ಚಗಿನ ನೀರಿರುವ ಬೋಗುಣಿಗೆ ಸುರಿದು, ಚಡ್ಡಿಯನ್ನು ಒಳಗಿನದು ಹೊರಗೆ ಮಾಡಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಟವೆಲ್‌ನಲ್ಲಿ ಸುತ್ತಿ ಒತ್ತಿ. ಹಿಂಡಬೇಡಿ. ನೆರಳಲ್ಲಿ ಹರಡಿ ಒಣಗಿಸಿ.

ಹೆಣಿಗೆ ಕಷ್ಟವಿಲ್ಲ, ಸ್ವೆಟರ್ ಹೆಣೆಯಲು ಬಂದವರಿಗೆ ಇದು ಬಂದೇ ಬರುತ್ತದೆ. ಲಂಗೋಟಿ ಕಟ್ಟಿದ ಮೇಲೆಯೇ ಅಳತೆ ತೆಗೆಯಿರಿ. ಸೊಂಟ 16 ಇಂಚು, ಇಂಚಿಗೆ 5 ಸ್ಟಿಚ್ ಅಂದರೆ 80 ಸ್ಟಿಚ್. 4 ಮಿ.ಮೀ. ಸರ್ಕ್ಯುಲರ್ ಕಡ್ಡಿಯಲ್ಲಿ, ಸ್ವೆಟರಿಗಿಂತ ಸ್ವಲ್ಪ ಬಿಗಿಯಾಗಿ, ಸೊಂಟದ ರಿಬ್‌ನಿಂದ ಶುರುಮಾಡಿ ಸುತ್ತು ಸುತ್ತಾಗಿ ಇಳಿಯಿರಿ. ಹಿಂಭಾಗಕ್ಕೆ ಮಾತ್ರ ಒಂದಿಷ್ಟು ಅರ್ಧ ಸಾಲು (ಸುತ್ತು ಮುಗಿಸದೆ ನಡುವೆಯೇ ತಿರುಗಿ ಹೆಣೆದ ಸಾಲು) ಸೇರಿಸಿ, ಇಲ್ಲದಿದ್ದರೆ ಕೂತಾಗ ಚಡ್ಡಿ ಕೆಳಗೆ ಜಾರುತ್ತದೆ. ತೊಡೆಯ ನಡುವೆ ಎರಡು ಪದರ ಹೆಣೆಯಿರಿ. ಚಿಕ್ಕ ಮಗುವಿಗೆ 100 ಗ್ರಾಮಿನ ಒಂದು ಉಂಡೆ ಸಾಕು.

ವಾಸನೆ ಬರಲ್ವಾ ಅಂತ ಜೊತೆಗೇ ಕೇಳುತ್ತಾರೆ. ಉಣ್ಣೆ ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಚ್ಚಿದ ಕೂಡಲೇ ಗಾಳಿಗೆ ಹರವಿದರೆ ಒಣಗುವಷ್ಟರಲ್ಲಿ ವಾಸನೆ ಹೋಗಿರುತ್ತದೆ. ದಿನಾ ಒಗೆಯುವುದು ಬೇಡ. ಮೂರು ಚಡ್ಡಿ ಇದ್ದರೆ ಒಂದಾದ ಮೇಲೊಂದು ಬದಲಾಯಿಸಬಹುದು. ಕಕ್ಕ ತಾಗಿದರೆ ಮಾತ್ರ ಆಗಲೇ ತೊಳೆಯಿರಿ, ತಣ್ಣಗಿನ ನೀರಲ್ಲಿ, ಉಜ್ಜದೆ. ಬಿಸಿ ನೀರಲ್ಲಿ ಉಜ್ಜಿದರೆ ಚಿಪ್ಪುಗಳು ಒಂದಕ್ಕೊಂದು ಸಿಕ್ಕಿಕೊಂಡು ಚಡ್ಡಿ ಕುಗ್ಗಿ ದಪ್ಪ ಕಂಬಳಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ.

ಯಾವಾಗಲೂ ಸೋರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಕಾರ್ ಸೀಟಿನ ಬೆಲ್ಟ್ ಬಿಗಿದಾಗ, ಸೊಂಟದ ಮೇಲೆ ತುಂಬ ಹೊತ್ತು ಒತ್ತಿ ಎತ್ತಿಕೊಂಡಾಗ, ಒಳಗಿನ ಬಟ್ಟೆ ಪೂರ್ತಿ ನೆನೆದಿದ್ದರೆ ತೇವ ಹೊರಗೆ ಬರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಚಡ್ಡಿ ಒಣಗಲು ತುಂಬ ಹೊತ್ತು ಬೇಕು, ಅಲ್ಲಿಯವರು ಒಂದೆರಡು ಜಾಸ್ತಿಯೇ ಹೆಣೆದಿಟ್ಟುಕೊಳ್ಳಿ. ಒತ್ತಡ ಏನೂ ಇಲ್ಲದೆ ಸುಮ್ನೆ ಮಲಗಿದ್ದಾಗಲೇ ಒದ್ದೆ ಬಂದರೆ ಲ್ಯಾನೊಲಿನ್ ಮುಗಿದಿರುತ್ತದೆ. ಒಣಗಿದ ಚಡ್ಡಿಯ ಮೇಲೆ ಒಂದು ಹನಿ ನೀರು ಬಿಡಿ. ಇಂಗಿ ಹೋದರೆ ಅವತ್ತು ರಾತ್ರಿಯೇ ನೆನೆಹಾಕಿ.