ಹೊಂಗೆ ಎಣ್ಣೆ ಪಂಪ್‌ಸೆಟ್ ಬಾಗಿಲಿಗೆ ಬಂತು

ಹೊಂಗೆ ಎಣ್ಣೆಯಿಂದ ಮಾಡಿದ ಬಯೋಡೀಸೆಲ್‌ನ ಮೊದಲ ಕ್ಯಾನ್ ತುಂಬಿದೆ. ತಿಳಿ ಜೇನಿನ ಬಣ್ಣ. ತುಂಬಾ ಖುಷಿಯಾಗಿದೆ. ಎಂಜಿನ್‌ಗೆ ಮಾತ್ರ ಇನ್ನೂ ಹಾಕಿಲ್ಲ.

ಮೊದಲು ಬೀಜದ ವಿಷಯ. ಚಿತ್ರದುರ್ಗದ ಸುತ್ತ ಹೊಂಗೆಗೆ ಬರವಿಲ್ಲ. ರಸ್ತೆ ಬದಿ, ಹೊಲದ ಬದು, ಎಲ್ಲಿ ನೋಡಿದರೂ ಇದೆ. ಬೇಸಿಗೆಯಲ್ಲಿ ಉದುರಿದ ಕಾಯಿ ಆರಿಸಿ, ಒಣಗಿಸಿ, ಬಡಿದು ಬೀಜ ಬಿಡಿಸಿದೆವು. ಬೀಜದ ತೂಕದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಎಣ್ಣೆ ಇರುತ್ತದೆ. ಗಾಣದಲ್ಲಿ ಅಷ್ಟೂ ಇಳಿಯುವುದಿಲ್ಲ. 4 ಕೆಜಿಗೆ ಒಂದು ಲೀಟರ್ ಬಂದರೆ ಪುಣ್ಯ.

ಪಕ್ಕದ ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಆದರೆ ಅಲ್ಲಿ ಅರೆಯುವುದು ಶೇಂಗಾ. ಹೊಂಗೆ ಕಹಿ, ತಿನ್ನುವ ಎಣ್ಣೆಯಲ್ಲ. ಒಮ್ಮೆ ಹಾಕಿದರೆ ಮುಂದೆ ಬರುವ ಶೇಂಗಾ ಎಣ್ಣೆಯೂ ಕೆಡುತ್ತದೆ. ಆಗಲ್ಲ ಅಂದರು, ಸರಿಯಾಗೇ ಅಂದರು. ಕೊನೆಗೆ ಬೇವು, ಹೊಂಗೆ ಅರೆಯುವ ಗಾಣವೊಂದು ಸಿಕ್ಕಿತು. ಹಿಂಡಿಯನ್ನು ಅಡಿಕೆ ತೋಟದ ಗೆಳೆಯರು ಅಲ್ಲಿಂದಲೇ ಒಯ್ದರು. ಗೊಬ್ಬರವೂ ಆಯಿತು, ಗೆದ್ದಲಿಗೆ ಔಷಧಿಯೂ ಆಯಿತು.

ಎಣ್ಣೆಯನ್ನು ನೇರವಾಗಿ ಎಂಜಿನ್‌ಗೆ ಸುರಿಯಬಹುದಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಓಡುತ್ತದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತ್ತು! ಆದರೆ ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್‌ನಲ್ಲಿ ಸರಿಯಾಗಿ ಸಿಡಿಯುವುದಿಲ್ಲ, ಬರಬರುತ್ತಾ ಮಸಿ ಕಟ್ಟುತ್ತದೆ. ಅದಕ್ಕೇ ತೆಳು ಮಾಡಿ ಬಯೋಡೀಸೆಲ್ ಆಗಿಸುವ ಈ ಕೆಲಸ.

ಮೊದಲು ಎಣ್ಣೆಯ ಹುಳಿ, ಅಂದರೆ ಆಮ್ಲದ ಅಂಶ, ಅಳೆಯಬೇಕು. ಬೀಜ ತೇವದಲ್ಲಿ ಕೂತಿದ್ದರೆ ಹುಳಿ ಜಾಸ್ತಿ. ಒಂದು ಮಿಲಿ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿ, ಚಿಟಿಕೆ ಅರಿಶಿನ ಹಾಕಿ, ಲೀಟರ್‌ಗೆ ಒಂದು ಗ್ರಾಂ ಕಾಸ್ಟಿಕ್ ಸೋಡಾ ಇರುವ ನೀರನ್ನು ಹನಿಹನಿಯಾಗಿ ಬಿಟ್ಟೆ. ಹಳದಿ ಕೆಂಪಾದಾಗ ನಿಲ್ಲಿಸಬೇಕು. ಅರಿಶಿನಕ್ಕೆ ಸುಣ್ಣ ಸೇರಿ ಕುಂಕುಮವಾಗುತ್ತದಲ್ಲ, ಅದೇ ಗುಣ. ನನ್ನ ಎಣ್ಣೆಗೆ 2.5 ಮಿಲಿ ಹಿಡಿಯಿತು. ಹುಳಿಯಿಲ್ಲದ ಎಣ್ಣೆಗೂ ಬೇಕಾಗುವ ಎಂದಿನ 3.5 ಗ್ರಾಂಗೆ ಇದನ್ನು ಮಿಲಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕೂಡಿದರೆ ಲೀಟರ್ ಎಣ್ಣೆಗೆ 6 ಗ್ರಾಂ ಸೋಡಾ. ಹುಳಿ ಇದಕ್ಕಿಂತ ತುಂಬಾ ಹೆಚ್ಚಿದ್ದರೆ ಎಲ್ಲ ಸಾಬೂನಾಗಿಬಿಡುತ್ತದೆ. ಆಗ ಮೊದಲು ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಜೊತೆ ಆಸಿಡ್ ಹಾಕಿ ಹುಳಿ ಇಳಿಸಬೇಕು.

ಸೋಡಾವನ್ನು ಲೀಟರ್ ಎಣ್ಣೆಗೆ 220 ಮಿಲಿ ಲೆಕ್ಕದಲ್ಲಿ ಮೆಥನಾಲ್‌ನಲ್ಲಿ ಕರಗಿಸಿ, 55 ಡಿಗ್ರಿಗೆ ಕಾಯಿಸಿದ ಎಣ್ಣೆಗೆ ಬೆರೆಸಿ ಒಂದು ಗಂಟೆ ಕಲಕಿದೆ. 65 ಡಿಗ್ರಿ ಹತ್ತಿರ ಮೆಥನಾಲ್ ಕುದಿಯುತ್ತದೆ, ಅಲ್ಲಿಗೆ ಹೋಗಬಾರದು. ದಯವಿಟ್ಟು ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ. ಮೆಥನಾಲ್ ಕಣ್ಣು ತೆಗೆಯುವ ವಿಷ. ಬೆಂಕಿ ಹೊತ್ತಿದರೆ ಹಗಲಲ್ಲಿ ಉರಿ ಕಾಣುವುದೇ ಇಲ್ಲ. ಬಯಲಲ್ಲಿ, ಕನ್ನಡಕ, ಕೈಗವಸು ಹಾಕಿಕೊಂಡು, ಒಲೆ ದೂರವಿಟ್ಟೇ ಮಾಡಬೇಕು. ರಾತ್ರಿಯಿಡೀ ಬಿಟ್ಟಾಗ ಕಪ್ಪು ಗ್ಲಿಸರಿನ್ ತಳಕ್ಕೆ ಇಳಿಯಿತು. ಮೇಲಿನದನ್ನು ನೀರಲ್ಲಿ ಮೆಲ್ಲಗೆ ತೊಳೆದು, ಕಾಯಿಸಿ, ತೇವ ತೆಗೆದೆ.

ಗ್ಲಿಸರಿನ್ ಇಳಿಯುವ ಹೊತ್ತಿಗೆ ಸುಮ್ನೆ ಕೂರಲಿಲ್ಲ. ಹೊಂಗೆಯ ಘಾಟು ವಾಸನೆಯಿಂದ ಮೂಗಿಗೂ ಬಿಡುವು ಬೇಕಿತ್ತು. ನೆರಳಲ್ಲಿ ಒಣಗಿಸಿಟ್ಟಿದ್ದ ದವನವನ್ನು ಎಳ್ಳೆಣ್ಣೆಗೆ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಹದವಾಗಿ ಕಾಯಿಸಿದೆ. ಲಾವಂಚದ ಬೇರಿನದು ಬೇರೆ ಸೀಸೆ. ಲಾವಂಚ ನಿಧಾನ, ವಾರಗಟ್ಟಲೆ ನೆನೆಯಬೇಕು. ದವನ ಅಂದೇ ಪರಿಮಳ ಬಿಟ್ಟುಕೊಟ್ಟಿತು. ಹಚ್ಚಿಕೊಂಡವರ ಮೈಗೆ ತಕ್ಕ ಹಾಗೆ ದವನದ ವಾಸನೆ ಬದಲಾಗುತ್ತದೆ ಎಂದು ಸುಗಂಧ ಮಾಡುವವರು ಹೇಳುತ್ತಾರೆ. ನನ್ನ ಕೈಯಲ್ಲಿ ಹಣ್ಣಿನ ಪರಿಮಳ, ಅಕ್ಕನ ಕೈಯಲ್ಲಿ ಅದೇ ಎಣ್ಣೆ ಖಾರ ಖಾರ.

ಇನ್ನು ಎಂಜಿನ್. ನಮ್ಮ ಪಂಪ್‌ಸೆಟ್ ಹಳೆಯದು, ಪೈಪು ಮಾಮೂಲಿ ರಬ್ಬರ್. ಬಯೋಡೀಸೆಲ್ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕಿನ ಹಳೆ ಕೊಳೆಯನ್ನೂ ಎಬ್ಬಿಸಿ ಫಿಲ್ಟರ್‌ಗೆ ತಂದು ತುರುಕುತ್ತದೆ. ಎಣ್ಣೆಗಾಗಿ ಇಷ್ಟು ದುಡಿದು ಎಂಜಿನ್ ಹಾಳು ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ. ಬಯೋಡೀಸೆಲ್ ತಡೆಯುವ ವಿಟಾನ್ ರಬ್ಬರಿನ ಪೈಪ್ ಹೇಳಿಟ್ಟಿದ್ದೇನೆ, ಎರಡು ಫಿಲ್ಟರ್ ತಂದಿಟ್ಟಿದ್ದೇನೆ. ಪೈಪ್ ಬಂದ ಮೇಲೆ ಮೊದಲು ನೂರಕ್ಕೆ ಇಪ್ಪತ್ತು ಪಾಲು ಬಯೋಡೀಸೆಲ್, ಉಳಿದದ್ದು ಬಂಕಿನ ಡೀಸೆಲ್. ಹೊಗೆಯ ಬಣ್ಣ, ಗಂಟೆಗೆ ಎಷ್ಟು ಕುಡಿಯಿತು ಎಂಬ ಲೆಕ್ಕ ಮುಂದಿನ ಸಲ ಬರೆಯುತ್ತೇನೆ.